ನಿಂತುಕೊಳ್ಳುವ ಕೆಲಸಕ್ಕೆ ಸಂಬಳ

ಪ್ರಧಾನಿ ನಿವಾಸ
ಫೆಬ್ರವರಿ 9

ಪ್ರೀತಿಯ ಷಡ್ಡಕನಿಗೆ,

ಅಕ್ಕತಂಗಿಯರನ್ನು ಕಟ್ಟಿಕೊಂಡ ತಪ್ಪಿಗೆ ಹದಿನಾರು ವರ್ಷ ಒಂದೇ ಅಂಗಡಿಯಲ್ಲಿ ಎದುರುಬದುರು ಸ್ಟೂಲು ಹಾಕಿಕೊಂಡು ಕೂತಿದ್ದ ನಾವು ಹೀಗೆ ಕಾಗದ ಬರೆದುಕೊಳ್ಳುವ ಕಾಲ ಬರುತ್ತದೆಂದು ಯಾರು ಅಂದುಕೊಂಡಿದ್ದರು? ಫೋನ್ ಮಾಡಬಹುದಿತ್ತು. ಆದರೆ ಇಲ್ಲಿಯ ಫೋನಿನಲ್ಲಿ ಇಬ್ಬರು ಮಾತಾಡಿದರೆ ಮೂರನೆಯವನೊಬ್ಬ ಕೆಮ್ಮುತ್ತಾನೆ. ಅವನ ಕೆಮ್ಮು ವಾಸಿಯಾಗುವ ತನಕ ಕಾಗದವೇ ವಾಸಿ.

ನಿನ್ನ ಅತ್ತಿಗೆ ಪ್ರಧಾನಿಯಾಗಿ ಮೊನ್ನೆಗೆ ಎರಡು ತಿಂಗಳು. ಅವಳಿಗೆ ಉಸಿರಾಡಲು ಪುರುಸೊತ್ತಿಲ್ಲ. ನಾನು ಮಾಡಿದ ಕೆಲಸ ಹೇಳಲೇ? ನಿಂತಿದ್ದೇನೆ. ವಿಮಾನ ನಿಲ್ದಾಣದಲ್ಲಿ ನಿಂತೆ, ಸೇತುವೆ ಉದ್ಘಾಟನೆಯಲ್ಲಿ ನಿಂತೆ, ಯಾವುದೋ ದೇಶದ ದೊರೆ ಬಂದಾಗ ಒಂದು ಗಂಟೆ ಹತ್ತು ನಿಮಿಷ ನಿಂತೆ. ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿರುತ್ತಾರೆ. ಇವರು ಕೊಟ್ಟ ಶೂ ಕಿರುಬೆರಳಿನ ಹತ್ತಿರ ಕಚ್ಚುತ್ತದೆ. ಊರಿನ ಸೊಟ್ಟ ಕಾಲು, ಗಿಡ್ಡ ಕಾಲುಗಳಿಗೆಲ್ಲ ಶೂ ಹೊಂದಿಸಿಕೊಟ್ಟವನ ಪಾಡು ನೋಡು.

ಪ್ರಧಾನಿಯ ಗಂಡನಾಗಲಿ ಹೆಂಡತಿಯಾಗಲಿ ಸ್ವಂತ ದುಡಿಮೆ ಮಾಡಬಾರದು ಎಂಬ ಕಾನೂನು ಇಲ್ಲದಿದ್ದರೆ ನಾನು ನಿನ್ನ ಕೈಗೆ ಅಂಗಡಿ ಕೊಟ್ಟು ಬರುತ್ತಿರಲಿಲ್ಲ. ದುಡಿಯಬಾರದು, ಸಂಬಳವೂ ಇಲ್ಲ. ಕ್ಷೌರಕ್ಕೂ ಹೆಂಡತಿಯ ಮುಂದೆ ಕೈ ಚಾಚಬೇಕು. ಈಗ ಪತ್ರಿಕೆಗಳಲ್ಲಿ ಇಂಥವರಿಗೂ ಸಂಬಳ ಕೊಡಬೇಕೇ ಬೇಡವೇ ಎಂದು ಚರ್ಚೆ ಶುರುವಾಗಿದೆ. ಓದಿ ನಗು ಬಂತು, ಅಷ್ಟೆ.

ನರ್ಸಮ್ಮ ಬಂದಿದ್ದರೇ? ಅವರ ಎಡಗಾಲು ಒಂದೂವರೆ ಇಂಚು ಗಿಡ್ಡ, ದಿನಕ್ಕೆ ಹತ್ತು ಗಂಟೆ ವಾರ್ಡಿನಲ್ಲಿ ನಡೆಯುವ ಜೀವ. ಪ್ರತಿ ಮಾರ್ಚಿಗೆ ಹೊಸ ಜೊತೆ ಆಗಬೇಕು. ಮರೆಯಬೇಡ. ಅಂಗಡಿಯ ವಿಷಯ ಸಣ್ಣಪುಟ್ಟದ್ದೂ ಬರೆ.

ನಿನ್ನ ಅಣ್ಣ


ಫೆಬ್ರವರಿ 21

ಅಣ್ಣನಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಕಾಗದಕ್ಕಿಂತ ಲಕೋಟೆ ದಪ್ಪಗಿತ್ತು, ಮೇಲೆ ಸರ್ಕಾರದ ಮುದ್ರೆ ಬೇರೆ. ಪೋಸ್ಟ್‌ಮ್ಯಾನ್ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಇಷ್ಟು ದಿನ ಬಾಗಿಲ ಸಂದಿಯಲ್ಲಿ ಬಿಸಾಡಿ ಹೋಗುತ್ತಿದ್ದವನು ಅವನೇ.

ನೀವು ದೊರೆಯ ಪಕ್ಕ ನಿಂತ ಫೋಟೋವನ್ನು ನಿಮ್ಮ ನಾದಿನಿ ಕತ್ತರಿಸಿ ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದಾಳೆ. ದಿನಾ ಬೆಳಿಗ್ಗೆ ನನಗೆ ಕಾಫಿ ಕೊಡುತ್ತಾ ಅದನ್ನೇ ನೋಡುತ್ತಾಳೆ. "ಕೋಟು ಹಾಕ್ಕೊಂಡ್ರೆ ಭಾವ ಎಷ್ಟು ಎತ್ತರ ಕಾಣ್ತಾರೆ ನೋಡಿ" ಎನ್ನುತ್ತಾಳೆ. ನೀವು ನನಗಿಂತ ಎರಡು ಬೆರಳು ಗಿಡ್ಡ ಎಂದು ನಾನು ನೆನಪಿಸಿದರೆ, "ಅದು ಬರೀ ಅಳತೆಲಿ" ಎಂದಳು. ನಮ್ಮ ಬಚ್ಚಲಿನ ನಲ್ಲಿ ಮೂರು ವಾರದಿಂದ ಸೋರುತ್ತಿದೆ. ನಿಮ್ಮಲ್ಲಿ ನಲ್ಲಿಗೆ ಒಬ್ಬ, ನಲ್ಲಿ ತಿರುಗಿಸಲು ಇನ್ನೊಬ್ಬ ಇರಬಹುದು. ಅದರ ಮೇಲೆ ಸಂಬಳ ಬೇರೆ ಬರುತ್ತದಂತೆ. ಹೊಟ್ಟೆಕಿಚ್ಚು ಇಲ್ಲ ಎಂದರೆ ಸುಳ್ಳಾಗುತ್ತದೆ ಅಣ್ಣ. ಬಾಯಿಬಿಟ್ಟು ಹೇಳಿದರೆ ಕಡಿಮೆಯಾಗುತ್ತದೆ ಎಂದುಕೊಂಡೆ, ಆಗಲಿಲ್ಲ.

ಅಂಗಡಿಯ ವಿಷಯ: ಬಂದವರೆಲ್ಲ ಮೊದಲು ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಾರೆ. "ದೊಡ್ಡವರು ಯಾವಾಗ ಬರ್ತಾರೆ?" ಹದಿನಾರು ವರ್ಷ ಮೇಲುಭಾಗ ಹೊಲಿದವನು ನಾನು, ಆದರೂ ಶೂ ಮಾಡಿದವರು ನೀವು. ಇರಲಿ. ಇಡೀ ಅಂಗಡಿಯನ್ನು ತೊಳೆದು ಬಳಿದು ಹೊಸದು ಮಾಡಿದ್ದೇನೆ. ಗೂಡುಗಳು ಫಳಫಳ ಎನ್ನುತ್ತಿವೆ. ನೀವೇ ಬಂದರೂ ಗುರುತು ಹಿಡಿಯಲಾರಿರಿ.

ನಿಮ್ಮ ತಮ್ಮ


ಪ್ರಧಾನಿ ನಿವಾಸ
ಮಾರ್ಚ್ 5

ಪ್ರೀತಿಯ ತಮ್ಮನಿಗೆ,

ತೊಳೆದು ಬಳಿದೆ ಎಂದು ಬರೆದಿದ್ದೀಯ. ಸಂತೋಷ. ಓದಿದ ಮೇಲೆ ಯಾಕೋ ಆ ದಿನ ಊಟ ಸೇರಲಿಲ್ಲ. ನನ್ನ ಸ್ಟೂಲಿನ ಮೇಲೆ ನೀನು ಕೂತಿರುತ್ತೀಯ, ಕಿಟಕಿಯ ಬೆಳಕು ನಿನ್ನ ಎಡ ಭುಜದ ಮೇಲೆ ಬೀಳುತ್ತಿರುತ್ತದೆ. ನನ್ನ ಉಳಿ ನಿನ್ನ ಕೈಯಲ್ಲಿ. ನನಗೂ ಹೊಟ್ಟೆ ಇದೆ ತಮ್ಮಾ, ಅದೂ ಉರಿಯುತ್ತದೆ.

ಒಂದು ಮಾತು. ಗೂಡಿನಲ್ಲಿರುವ, ನಾವು ಶೂ ಕಟ್ಟುವ ಮರದ ಅಚ್ಚುಗಳನ್ನು ಬರೀ ಬ್ರಷ್ಷಿನಲ್ಲಿ ಧೂಳು ಹೊಡೆದಿದ್ದೀಯ ತಾನೆ? ನಾನು ಹೇಳಿರಲಿಲ್ಲ, ನಿನಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಪ್ರತಿ ಗಿರಾಕಿಯ ಕಾಲಿಗೂ ಒಂದೊಂದು ಜೊತೆ ಅಚ್ಚು. ಕಾಲು ವರ್ಷವರ್ಷಕ್ಕೂ ಬದಲಾಗುತ್ತದೆ, ಗಂಟು ಏಳುತ್ತದೆ, ಬೆರಳು ವಾಲುತ್ತದೆ. ಬದಲಾದ ಜಾಗಕ್ಕೆ ಒಂದು ಚೂರು ಚರ್ಮ ಅಂಟಿಸುತ್ತೇನೆ. ನೋಡಿದರೆ ತೇಪೆ ಹಾಕಿದ ಹಾಗೆ ಗಲೀಜಾಗಿ ಕಾಣುತ್ತದೆ. ಆದರೆ ಆ ಚೂರುಗಳೇ ಕಾಲು, ಮರ ಬರೀ ಮರ. ನರ್ಸಮ್ಮನ ಎಡ ಅಚ್ಚಿನ ಮೇಲೆ ಹನ್ನೊಂದು ಚೂರುಗಳಿವೆ, ಹನ್ನೊಂದು ವರ್ಷದವು.

ಅವರ ಅಳತೆಯನ್ನು ಬೆಳಿಗ್ಗೆ ತೆಗೆಯಬೇಡ. ಕೆಲಸ ಮುಗಿಸಿ ಬಂದ ಸಂಜೆಯ ಕಾಲೇ ನಿಜವಾದ ಕಾಲು. ಮೊದಲು ಬೆನ್ನು ತಿರುಗಿಸಿ ನಡೆಯಲು ಹೇಳಿ, ಕಣ್ಣು ಮುಚ್ಚಿಕೊಂಡು ಹೆಜ್ಜೆಯ ಸದ್ದು ಕೇಳು. ಎರಡೂ ಹೆಜ್ಜೆ ಒಂದೇ ತೂಕದಲ್ಲಿ ಬೀಳುವ ತನಕ ಅಟ್ಟೆ ಏರಿಸುತ್ತಾ ಇಳಿಸುತ್ತಾ ಹೋಗಬೇಕು.

ಸಂಬಳದ ವಿಷಯಕ್ಕೆ ಸಂಸತ್ತಿನ ಸಮಿತಿಯೊಂದಾಗಿದೆ. ನನ್ನನ್ನೂ ಕರೆದಿದ್ದರು. ನಿನ್ನ ಅತ್ತಿಗೆ, "ನೀವು ಸಂಬಳ ತಗೊಂಡ್ರೆ ಜನ ನನ್ನ ಬೈತಾರೆ, ತಗೊಳ್ದಿದ್ರೆ ನೀವು ನನ್ನ ಬೈತೀರಿ, ಯಾವುದು ಕಮ್ಮಿ ಅಂತ ನೀವೇ ನೋಡಿ" ಎಂದಳು. ನಾನು ಸಮಿತಿಯ ಮುಂದೆ ಒಂದು ಮಾತು ಹೇಳಿ ಬಂದಿದ್ದೇನೆ. ಏನೆಂದು ಈಗ ಬೇಡ. ಆದಾಗ ತಿಳಿಯುತ್ತದೆ.

ಅಣ್ಣ


ಮಾರ್ಚ್ 19

ಅಣ್ಣನಿಗೆ,

ಅಚ್ಚುಗಳ ಬಗ್ಗೆ ಚಿಂತೆ ಬೇಡ. ಎಲ್ಲ ಚೆನ್ನಾಗಿವೆ.

ನರ್ಸಮ್ಮ ಬಂದಿದ್ದರು. ಸಂಜೆಯೇ ಅಳತೆ ತೆಗೆದೆ, ಕಣ್ಣು ಮುಚ್ಚಿ ಕೇಳಿದೆ, ನೀವು ಹೇಳಿದ ಹಾಗೆಯೇ ಎಲ್ಲ. ಹೊಸ ಜೊತೆ ಮೊದಲನೇ ಸಲಕ್ಕೇ ಕೂತಿತು. ಅವರು ಗೇಟಿನ ತನಕ ನಡೆದು ಹೋಗಿ ವಾಪಸ್ ಬಂದು, "ಏನಪ್ಪಾ ಇಷ್ಟು ಹಗುರ, ಕಾಲಲ್ಲಿ ಏನೂ ಇಲ್ವೇನೋ ಅನ್ಸುತ್ತೆ" ಎಂದರು. ನಿಮಗೆ ಹೇಳುವುದೋ ಬೇಡವೋ ಎಂದು ಯೋಚಿಸಿದೆ. ಹೇಳಿದರೆ ಸಂತೋಷಪಡುತ್ತೀರಿ ಎಂದು ಬರೆಯುತ್ತಿದ್ದೇನೆ.

ಮೊನ್ನೆ ಪತ್ರಿಕೆಯವನೊಬ್ಬ ಬಂದಿದ್ದ. ಪ್ರಧಾನಿಯ ಸಂಬಂಧಿಕರು ಸಂಬಳದ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳಿದ. ನಾನು ಏನೋ ತಮಾಷೆಗೆ ಎರಡು ಮಾತಾಡಿದೆ. ಹಾಕುತ್ತಾನೋ ಇಲ್ಲವೋ ಗೊತ್ತಿಲ್ಲ. ಹಾಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೂರು ಹೊತ್ತೂ ದೊಡ್ಡವರು ದೊಡ್ಡವರು ಎಂದು ಕೇಳಿಸಿಕೊಂಡವನ ಬಾಯಿ, ಒಂದೊಂದು ಸಲ ಜಾರುತ್ತದೆ.

ನೀವು ಸಮಿತಿಗೆ ಏನು ಹೇಳಿದಿರಿ ಎಂದು ಮುಚ್ಚಿಟ್ಟಿರಿ. ಎಷ್ಟು ಸಂಬಳ ಬೇಕೆಂದು ಕೇಳಿರುತ್ತೀರಿ, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ ಎಂದುಕೊಂಡಿದ್ದೇನೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಅಜ್ಜಿ ಹೇಳುತ್ತಿದ್ದರು. ನಿಂತು ಉಣ್ಣುವವರ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ತಮ್ಮ


ಪ್ರಧಾನಿ ನಿವಾಸ
ಏಪ್ರಿಲ್ 3

ತಮ್ಮನಿಗೆ,

ಪತ್ರಿಕೆಯವನು ಹಾಕಿದ. ದಪ್ಪ ಅಕ್ಷರದಲ್ಲಿ, ಚೌಕ ಕಟ್ಟಿ ಹಾಕಿದ. "ನಿಂತ್ಕೊಳ್ಳೋದಕ್ಕೆ ಸಂಬಳ ಅಂದ್ರೆ ಬಟ್ಟೆ ಅಂಗಡಿ ಮುಂದಿನ ಬೊಂಬೆಗೂ ಕೊಡ್ಬೇಕಾಗುತ್ತೆ." ಸಂಸತ್ತಿನಲ್ಲಿ ಅದನ್ನು ಮೂರು ಜನ ಓದಿದರು. ಮೂರು ಸಲವೂ ಸಭೆ ನಕ್ಕಿತು. ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆ, ಕ್ಯಾಮರಾ ನನ್ನ ಕಡೆ ತಿರುಗಿತು, ನಾನೂ ನಕ್ಕೆ. ಅದಕ್ಕೂ ಸಂಬಳ ಇಲ್ಲ.

ಆದರೆ ನಿಜ ಹೇಳಬೇಕೆಂದರೆ ಬೊಂಬೆಯ ಮಾತು ನನ್ನನ್ನು ಅಷ್ಟು ನೋಯಿಸಲಿಲ್ಲ. ನೋಯಿಸಿದ್ದು ನರ್ಸಮ್ಮನ ಮಾತು. ಹನ್ನೊಂದು ವರ್ಷ ಆಕೆ ನನ್ನ ಶೂ ಹಾಕಿದ್ದಾರೆ. ಒಮ್ಮೆ "ಪರವಾಗಿಲ್ಲ" ಎಂದಿದ್ದಾರೆ, ಒಮ್ಮೆ "ಹೋದ ವರ್ಷದ್ದಕ್ಕಿಂತ ವಾಸಿ" ಎಂದಿದ್ದಾರೆ. "ಹಗುರ" ಎಂದಿಲ್ಲ. ಆ ಒಂದು ಪದಕ್ಕಾಗಿ ನಾನು ಎಷ್ಟು ಅಟ್ಟೆ ಬಿಚ್ಚಿ ಹೊಲಿದಿದ್ದೇನೆ ಎಂದು ನಿನಗೆ ಗೊತ್ತಿದೆ. ನೀನು ಮೊದಲ ಜೊತೆಗೇ ಕೇಳಿಸಿಕೊಂಡೆ. ಆ ಕಾಗದವನ್ನು ಹರಿಯಬೇಕು ಅನಿಸಿತು. ಹರಿಯಲಿಲ್ಲ, ಮತ್ತೆ ಮತ್ತೆ ಓದಿದೆ. ಹುಣ್ಣನ್ನು ಕೆರೆದುಕೊಂಡ ಹಾಗೆ.

ಸಮಿತಿಗೆ ನಾನು ಹೇಳಿದ್ದನ್ನು ಈಗ ಹೇಳಿಬಿಡುತ್ತೇನೆ. "ಸಂಬಳ ಇಲ್ಲದ ಕೆಲಸಕ್ಕೆ ರಾಜೀನಾಮೆ ಕೊಡೋ ಹಾಗಿಲ್ಲ. ಸಂಬಳ ಅಂತ ಇಡಿ. ಅದು ಬೇಡ ಅನ್ನೋರು ತಮ್ಮ ಕಸುಬಿಗೆ ವಾಪಸ್ ಹೋಗಬಹುದು ಅಂತ ಒಂದು ಕಲಮು ಸೇರಿಸಿ" ಎಂದೆ. ನನಗೆ ಒಂದು ಕಾಸೂ ಬೇಕಿರಲಿಲ್ಲ. ಬೇಡ ಎನ್ನುವುದಕ್ಕಾಗಿ ನನಗೆ ಸಂಬಳ ಬೇಕಿತ್ತು. ಕಾನೂನಾದ ಮರುದಿನ ಬಸ್ಸು ಹತ್ತಿ ಬರುವವನಿದ್ದೆ. ನಿನಗೆ ಮೊದಲೇ ಹೇಳದಿದ್ದದ್ದು ಯಾಕೆಂದರೆ, ನಾನು ಬಂದರೆ ನೀನು ಮತ್ತೆ ಹೊಲಿಗೆ ಮೆಷಿನ್ನಿಗೆ ಹೋಗಬೇಕಾಗುತ್ತದೆ. ಹೇಗೆ ಹೇಳುವುದೆಂದು ತಿಳಿಯಲಿಲ್ಲ.

ಸಮಿತಿಯ ಅಧ್ಯಕ್ಷೆ ನನ್ನನ್ನು ಕರೆದು, "ಒಬ್ಬರಿಗೋಸ್ಕರ ಒಂದು ಕಲಮು. ಈ ತಿಂಗಳ ಕೊನೆಯೊಳಗೆ ನಿಮಗೆ ಬೇಕೇ ಬೇಕಾ ಹೇಳಿ, ಇಲ್ಲಾಂದ್ರೆ ತೆಗೆದುಬಿಡ್ತೀವಿ" ಎಂದಿದ್ದಾರೆ. ಅಂಗಡಿಗೆ ನಾನು ಬೇಕಿದ್ದರೆ ಹಟ ಹಿಡಿದು ಉಳಿಸಿಕೊಳ್ಳುತ್ತಿದ್ದೆ. ನೀನೇ ಹೇಳು, ಬೇಕೇ?

ಅಣ್ಣ


ಏಪ್ರಿಲ್ 24

ಅಣ್ಣನಿಗೆ,

ಉತ್ತರ ತಡವಾಯಿತು. ಕೆಲಸ ಜಾಸ್ತಿ.

ಬೊಂಬೆಯ ಮಾತಿಗೆ ಕ್ಷಮಿಸಿ.

ನೀವು ಕೇಳಿದ್ದಕ್ಕೆ ನಾನೇನು ಹೇಳಲಿ. ಅಂಗಡಿ ನಡೆಯುತ್ತಿದೆ. ನಿಮಗೆ ದೊಡ್ಡ ಮನೆ ಇದೆ, ಸಂಬಳವೂ ಬರುತ್ತದೆ. ನನಗೆ ಇರುವುದು ಈ ಸ್ಟೂಲು ಒಂದೇ. ನಿಮಗೆ ಹೇಗೆ ತೋಚುತ್ತದೋ ಹಾಗೆ ಮಾಡಿ.

ನಿಮ್ಮ ನಾದಿನಿ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ತಮ್ಮ


ಪ್ರಧಾನಿ ನಿವಾಸ
ಮೇ 12

ತಮ್ಮನಿಗೆ,

ಕಲಮು ಬೇಡವೆಂದು ಬರೆದುಕೊಟ್ಟೆ. ನಿನ್ನೆ ಕಾನೂನಾಯಿತು. ನಿನ್ನ ಬೊಂಬೆಯ ಮಾತಿನ ಬಿಸಿ ಇನ್ನೂ ಇತ್ತು. ಸಂಬಳ ಕೊಟ್ಟ ಮೇಲೆ ಪೂರ್ತಿ ಹೊತ್ತು ದುಡಿಸಿಕೊಳ್ಳಬೇಕು ಎಂದು ವಿರೋಧ ಪಕ್ಷದವರು ಹಟ ಹಿಡಿದರು. ಆದ್ದರಿಂದ ನನಗೀಗ ಸಂಬಳವಿದೆ, ಕಚೇರಿಯಿದೆ, ಗುರುವಾರ ಗುರುವಾರ ಸಾರ್ವಜನಿಕರನ್ನು ಭೇಟಿ ಮಾಡುವ ಸಮಯವಿದೆ. ಇನ್ನು ನಾಲ್ಕು ವರ್ಷ ಇಲ್ಲೇ.

ಉಳಿಗಳನ್ನು ನೀನೇ ಇಟ್ಟುಕೊ. ಬಲಗಡೆಯ ಡ್ರಾಯರಿನಲ್ಲಿರುವ ಸಾಣೆಕಲ್ಲನ್ನೂ.

ಅಣ್ಣ


ಜೂನ್ 8

ಅಣ್ಣನಿಗೆ,

ಇದನ್ನು ಐದು ಸಲ ಬರೆದು ಹರಿದಿದ್ದೇನೆ. ಈ ಸಲ ನಿಮ್ಮ ನಾದಿನಿ ಎದುರಿಗೇ ಕೂತಿದ್ದಾಳೆ. "ಪೋಸ್ಟ್ ಡಬ್ಬಕ್ಕೆ ನಾನೇ ಹಾಕ್ತೀನಿ, ನಿಮ್ಮನ್ನ ನಂಬಲ್ಲ" ಎನ್ನುತ್ತಿದ್ದಾಳೆ.

ಅಚ್ಚುಗಳು ಚೆನ್ನಾಗಿಲ್ಲ ಅಣ್ಣ. ಫೆಬ್ರವರಿಯಲ್ಲೇ, ನಿಮ್ಮ ಮೊದಲ ಕಾಗದ ಬರುವ ಮೊದಲೇ, ನಾನು ಅವನ್ನೆಲ್ಲ ಗೂಡಿನಿಂದ ಇಳಿಸಿದೆ. ಚರ್ಮದ ಚೂರುಗಳನ್ನು ಕಿತ್ತೆ, ಅಂಟನ್ನು ಕೆರೆದೆ, ಉಪ್ಪುಕಾಗದ ಹಾಕಿ ಉಜ್ಜಿ ನುಣ್ಣಗೆ ಮಾಡಿ ವಾರ್ನಿಷ್ ಬಳಿದೆ. ಮುನ್ನೂರ ಹನ್ನೆರಡು ಜೊತೆ. ಒಂಬತ್ತು ದಿನ ಹಿಡಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಈ ದೊಣ್ಣೆ ಒಂಬತ್ತು ದಿನ ಬೆವರು ಸುರಿಸಿತು. ನಿಮ್ಮ ಗಲೀಜು ಎಂದುಕೊಂಡೆ. ನಿಮ್ಮಲ್ಲೂ ಗಲೀಜು ಇದೆ ಎಂದು ಖುಷಿಪಡುತ್ತಾ ಉಜ್ಜಿದೆ, ಅದನ್ನೂ ಹೇಳಿಬಿಡುತ್ತೇನೆ. ಎಲ್ಲರೂ ಬಂದು ನೋಡಿ "ಅಬ್ಬಾ, ಈಗ ಅಂಗಡಿ ಅಂದ್ರೆ ಅಂಗಡಿ" ಎನ್ನಲಿ ಎಂದು.

ಮಾರ್ಚಿನಲ್ಲಿ ನಿಮ್ಮ ಕಾಗದ ಓದಿದಾಗಲೇ ನಾನು ಕಿತ್ತೆಸೆದದ್ದು ಏನೆಂದು ತಿಳಿಯಿತು. ನರ್ಸಮ್ಮ "ಹಗುರ" ಎಂದು ಹೇಳಲೇ ಇಲ್ಲ. ಅವರ ಶೂ ಮೊದಲ ಸಲ ಕೂರಲಿಲ್ಲ, ನಾಲ್ಕನೇ ಸಲವೂ ಕೂರಲಿಲ್ಲ. ನಾನು ಕಣ್ಣು ಮುಚ್ಚಿ ಕೇಳಿದೆ ನಿಜ. ನನಗೆ ಹೆಜ್ಜೆ ಕೇಳಿಸಿತೇ ಹೊರತು ತೂಕ ಕೇಳಿಸಲಿಲ್ಲ. ಈಗ ಅವರು ನಿಮ್ಮ ಹಳೆಯ ಜೊತೆಯನ್ನೇ ಹಗ್ಗ ಕಟ್ಟಿ ಹಾಕಿಕೊಳ್ಳುತ್ತಾರೆ. ಹೋದ ವಾರ ವಾರ್ಡಿನ ಮೆಟ್ಟಿಲ ಮೇಲೆ ಬಿದ್ದು ಮಂಡಿ ಒಡೆದುಕೊಂಡರು. ನಾನು ಮಾಡಿದ ಜೊತೆಯನ್ನು ವಾಪಸ್ ತಂದು ಮೇಜಿನ ಮೇಲೆ ಇಟ್ಟರು, ಬೈಯಲೂ ಇಲ್ಲ. "ದೊಡ್ಡವರಿಗೆ ಒಂದು ಮಾತು ಬರೆದು ಕೇಳಬಾರದಾ?" ಎಂದರು. ಒಳಗಿದ್ದ ನಿಮ್ಮ ನಾದಿನಿಗೆ ಅದು ಕೇಳಿಸಿತು. ಹಾಗೆ ಎಲ್ಲ ಹೊರಗೆ ಬಂತು.

ಏಪ್ರಿಲ್ ಮೂರರ ನಿಮ್ಮ ಕಾಗದಕ್ಕೆ ಮೂರು ವಾರ ಉತ್ತರ ಬರೆಯಲಿಲ್ಲವಲ್ಲ, ಆಗ ಕೆಲಸವೇನೂ ಇರಲಿಲ್ಲ. ಗಿರಾಕಿಗಳು ಬರುವುದು ಕಡಿಮೆಯಾಗಿತ್ತು. ನಿಜ ಬರೆದರೆ ನೀವು ಬರುತ್ತೀರಿ, ಎಲ್ಲರ ಕಾಲೂ ಸರಿಯಾಗುತ್ತದೆ. ನೀವು ಬಂದರೆ ನಾನು ಮತ್ತೆ ಮೂಲೆಗೆ. ಮೂರು ವಾರ ಅದನ್ನೇ ತೂಗಿದೆ. ಕೊನೆಗೆ ನಿಮ್ಮ ಇಷ್ಟ ಎಂದು ಬರೆದೆ. ಅದು ನನ್ನ ಇಷ್ಟವಾಗಿತ್ತು.

ಈಗ ಕಾನೂನಾಗಿ ಹೋಗಿದೆ. ನೀವು ಬರುವ ಹಾಗಿಲ್ಲ. ನಾನು ಏನು ಮಾಡಲಿ, ಹೇಳಿ. ಬೈದೇ ಹೇಳಿ.

ತಮ್ಮ


ಪ್ರಧಾನಿ ನಿವಾಸ
ಜೂನ್ 17

ತಮ್ಮಾ,

ನಿನ್ನ ಕಾಗದ ಓದಿ ನನಗೆ ಮೊದಲು ಆದದ್ದು ಸಿಟ್ಟಲ್ಲ, ಸಂತೋಷ. ಆಕೆ ನಿನಗೆ "ಹಗುರ" ಎಂದಿಲ್ಲ ಎಂಬ ಸಾಲಿಗೆ ಬಂದಾಗ ಎದ್ದು ಕೋಣೆಯ ತುಂಬ ಓಡಾಡಿದೆ. ಬಾಗಿಲಲ್ಲಿದ್ದವನು ಏನಾದರೂ ಬೇಕೇ ಎಂದು ಕೇಳಿದ. ಮಂಡಿ ಒಡೆದ ಸಾಲು ಆ ಮೇಲೆ ಬಂತು. ಅಷ್ಟರಲ್ಲಿ ನಾನು ನಗುತ್ತಿದ್ದೆ. ನಿನ್ನ ತಪ್ಪನ್ನು ನೀನು ಹೇಳಿಕೊಂಡೆ, ಇದು ನನ್ನದು. ಹನ್ನೊಂದು ವರ್ಷ ಆಕೆಯ ಕಾಲನ್ನು ಕೈಯಲ್ಲಿ ಹಿಡಿದವನು, ಆಕೆ ಕುಂಟುತ್ತಾರೆಂದು ತಿಳಿದು ಕುಣಿದೆ.

ಸಿಟ್ಟು ಮಧ್ಯಾಹ್ನ ಬಂತು. ಮುನ್ನೂರ ಹನ್ನೆರಡು ಜೊತೆ. ನೀನು ಎದುರಿಗಿದ್ದಿದ್ದರೆ ಅಟ್ಟೆಯಿಂದಲೇ ಬಾರಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಇನ್ನೊಂದು ನೆನಪಾಯಿತು. ಹದಿನಾರು ವರ್ಷದಲ್ಲಿ ಒಂದು ದಿನವೂ ಆ ಚೂರುಗಳು ಏನೆಂದು ನಾನು ನಿನಗೆ ಹೇಳಲಿಲ್ಲ. ಗೊತ್ತಿರುತ್ತದೆ ಎಂದುಕೊಂಡಿದ್ದೆ ಎಂದು ಬರೆದೆನಲ್ಲ, ಸುಳ್ಳು. ನಿನಗೆ ಗೊತ್ತಾಗದಿರಲಿ ಎಂದು ಅಂಗಡಿ ಮುಚ್ಚಿದ ಮೇಲೆ ಅಂಟಿಸುತ್ತಿದ್ದೆ. ಕಲಿತರೆ ಗಿರಾಕಿಗಳು ನಿನ್ನ ಕಡೆ ಹೋದಾರು ಎಂಬ ಭಯ.

ಇಲ್ಲಿಯ ಕಾನೂನು ಅಧಿಕಾರಿಯನ್ನು ಕರೆದು, ಗುರುವಾರ ಭೇಟಿಗೆ ಬಂದವರ ಕಾಲು ನೋಡಿದರೆ ಅದು ದುಡಿಮೆಯಾಗುತ್ತದೆಯೇ ಎಂದು ಕೇಳಿದೆ. "ದುಡ್ಡು ತಗೊಂಡ್ರೆ ದುಡಿಮೆ, ತಗೊಳ್ದಿದ್ರೆ ಶೋಕಿ" ಎಂದ. ಶೋಕಿಗೆ ತಡೆಯಿಲ್ಲ. ಬರುವ ಗುರುವಾರ ನರ್ಸಮ್ಮನನ್ನು ಕರೆದುಕೊಂಡು ಬಾ. ನನ್ನ ಮೊದಲ ಸಂಬಳದಲ್ಲಿ ಇಬ್ಬರಿಗೂ ರೈಲಿನ ಟಿಕೆಟ್ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ. ಅವರ ಬೋಳು ಅಚ್ಚು, ಚರ್ಮ, ಅಂಟು, ಉಳಿ ಎಲ್ಲ ತಾ. ನನ್ನ ಕಚೇರಿಯ ಮುಂದೆ ನಲವತ್ತು ಹೆಜ್ಜೆ ಉದ್ದದ ಪಡಸಾಲೆ ಇದೆ. ಹೆಜ್ಜೆಯ ಸದ್ದು ಕೇಳಲಿ ಎಂದು ಅದರ ರತ್ನಗಂಬಳಿಯನ್ನು ಸುತ್ತಿ ತೆಗೆಸಿದ್ದೇನೆ. ಮನೆವಾರ್ತೆಯವರು ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ.

ಆಮೇಲಿನ ಗುರುವಾರ ಇನ್ನೊಬ್ಬರು. ನಾಲ್ಕು ವರ್ಷಕ್ಕೆ ಎಷ್ಟು ಗುರುವಾರ ಬರುತ್ತವೋ ಅಷ್ಟು ಜನ. ಉಳಿದವರನ್ನು ಅಷ್ಟು ಹೊತ್ತಿಗೆ ನೀನೇ ನೋಡಿಕೊಳ್ಳಬಲ್ಲೆ.

ಯಾಕೆಂದರೆ ನಾನು ಅಚ್ಚು ಮುಟ್ಟುವುದಿಲ್ಲ. ಕಣ್ಣು ಮುಚ್ಚಿ ಕೇಳುವವನು ನೀನು, ಚೂರು ಕತ್ತರಿಸುವವನು ನೀನು, ಅಂಟಿಸುವವನು ನೀನು. ನಾನು ಬಾಯಲ್ಲಿ ಮಾತ್ರ ಹೇಳುತ್ತೇನೆ. ನನ್ನ ಕೈ ತಾನಾಗಿ ಮುಂದೆ ಬರುತ್ತದೆ, ಅದು ನನಗೆ ಗೊತ್ತು. ಬಂದರೆ ಅದರ ಮೇಲೆ ಒಂದು ಬಿಡು. ಸಂಕೋಚ ಬೇಡ.

ಹೊಟ್ಟೆಕಿಚ್ಚು ಹೋಗಿದೆ ಎಂದು ತಿಳಿಯಬೇಡ. ಇದನ್ನು ಬರೆಯುವಾಗಲೂ ಇದೆ. ಆ ಶೂ ಹಾಕಿಕೊಂಡು ಆಕೆ ಪಡಸಾಲೆಯ ಆ ತುದಿಗೆ ಹೋಗಿ ಈ ತುದಿಗೆ ಬಂದು, ಹಗುರವಾಗಿದೆ ಎಂದರೆ, ನಿನ್ನ ಮುಖ ನೋಡಿಯೇ ಹೇಳಲಿ. ನಾನು ಪಕ್ಕದಲ್ಲಿದ್ದು ಕೇಳಿಸಿಕೊಳ್ಳುತ್ತೇನೆ.

ಅಣ್ಣ